ವರ್ಷಗಳ ಲೆಕ್ಕದಲ್ಲಿ ಮರೆಯಾಗುತ್ತಿರುವ ಸಮಾಜಶಾಸ್ತ್ರ

ಬೆಂಗಳೂರು: ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಲೇಜುಗಳಲ್ಲಿ 2021-22, 2022-23 ಮತ್ತು 2023-24ನೇ ಸಾಲಿನಲ್ಲಿ ಬಿ.ಎ. ತರಗತಿಗೆ ಸೇರಿದ ಮೂರು ತಂಡಗಳ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದ ಚರಿತ್ರೆಯಲ್ಲಿ ಒಂದು ವಿಚಿತ್ರ ಸ್ಥಾನ ದೊರೆತಿದೆ. ಅವರಿಗಿಂತ ಮೊದಲು ಬಂದವರಿಗೆ ಪದವಿ ಎಂದರೆ ಮೂರು ವರ್ಷ. ಅವರ ನಂತರ ಬಂದವರಿಗೂ ಮೂರೇ ವರ್ಷ. ನಡುವಿನ ಈ ಮೂರು ತಂಡಗಳಿಗೆ ಮಾತ್ರ ನಾಲ್ಕನೆಯ ವರ್ಷ ಓದಿ 'ಆನರ್ಸ್' ಪಡೆಯುವ ಬಾಗಿಲು ತೆರೆಯಿತು. ಕಡೆಯ ತಂಡದ ನಾಲ್ಕನೆಯ ವರ್ಷ ಬೀಳುವುದು 2026-27ರಲ್ಲಿ. ಅಲ್ಲಿಗೆ ಆ ಬಾಗಿಲೂ ಮುಚ್ಚಿದಂತೆ.

ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಈ ಬದಲಾವಣೆ ಕೇವಲ ಆಡಳಿತದ ಸಂಗತಿಯಲ್ಲ. ಆನರ್ಸ್ ಓದಬೇಕೇ, ಅಥವಾ ಮೂರು ವರ್ಷಕ್ಕೆ ನಿಲ್ಲಿಸಿ ಎಂ.ಎ. ಸೇರಬೇಕೇ, ಯಾವ ಹಾದಿ ಸಂಶೋಧನೆಗೆ ಒಯ್ಯುತ್ತದೆ, ಯಾವುದು ಉದ್ಯೋಗಕ್ಕೆ ಎಂಬ ಪ್ರಶ್ನೆಗಳು ಅವರನ್ನು ಕಾಡುತ್ತಿವೆ. ಸರ್ಕಾರಗಳು ವರ್ಷಗಳ ಸಂಖ್ಯೆಯನ್ನು ಕುರಿತು ವಾದಿಸಿದಷ್ಟು, ಆ ವರ್ಷಗಳಲ್ಲಿ ಏನು ಕಲಿಸಬೇಕೆಂಬುದನ್ನು ಕುರಿತು ವಾದಿಸಿದ್ದು ಕಡಿಮೆ. ಇದೇ ಅವಧಿಯಲ್ಲಿ ಸಮಾಜದ ಲೆಕ್ಕ ತೆಗೆಯುವ ಕಾರ್ಯ ಮಾತ್ರ ರಾಜ್ಯದಲ್ಲಿ ಭರದಿಂದ ನಡೆಯಿತು. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದವರು ವಿರಳ.

ಎರಡು ನೀತಿ, ಮೂರು ತಂಡ

ರಾಷ್ಟ್ರೀಯ ಶಿಕ್ಷಣ ನೀತಿ-2020 ನಾಲ್ಕು ವರ್ಷದ ಪದವಿಯನ್ನು ಮುಂದಿಟ್ಟಿತು. ಅದನ್ನು ದೇಶದಲ್ಲೇ ಮೊದಲು ಅನುಷ್ಠಾನಕ್ಕೆ ತಂದ ರಾಜ್ಯವೆಂಬ ಹೆಗ್ಗಳಿಕೆಯೊಡನೆ ಕರ್ನಾಟಕ 2021-22ರಲ್ಲಿ ಹೊಸ ಪದ್ಧತಿಯನ್ನು ಆರಂಭಿಸಿತು. ಮೂರು ವರ್ಷ ಮುಗಿಸಿದವರು ಪದವಿ ಪಡೆದು ಹೊರನಡೆಯಬಹುದಿತ್ತು. ನಾಲ್ಕನೆಯ ವರ್ಷವನ್ನೂ ಪೂರೈಸಿದವರಿಗೆ ಆನರ್ಸ್.

2023ರಲ್ಲಿ ಸರ್ಕಾರ ಬದಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರ್ಥಶಾಸ್ತ್ರಜ್ಞ, ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾಜಿ ಅಧ್ಯಕ್ಷ ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024-25ನೇ ಸಾಲಿನಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳುವ ಆದೇಶ 2024ರ ಮೇ ತಿಂಗಳಲ್ಲಿ ಹೊರಬಿತ್ತು. ಈಗಾಗಲೇ ಸೇರಿದ್ದ ಮೂರು ತಂಡಗಳು ಬಯಸಿದರೆ ನಾಲ್ಕನೆಯ ವರ್ಷ ಓದಬಹುದೆಂಬ ಅವಕಾಶವನ್ನು ಉಳಿಸಲಾಯಿತು. 2025ರ ಆಗಸ್ಟ್‌ನಲ್ಲಿ ಸಲ್ಲಿಕೆಯಾದ ಅಂತಿಮ ವರದಿಯೂ ಸಾಮಾನ್ಯ ಪದವಿಗಳಿಗೆ ಮೂರು ವರ್ಷ, ಅದರ ಮೇಲೆ ಎರಡು ವರ್ಷದ ಸ್ನಾತಕೋತ್ತರ ಎಂಬ ಮಾದರಿಯನ್ನೇ ಶಿಫಾರಸು ಮಾಡಿತು.

ಮೂರು ವರ್ಷದ ಪರವಾದ ವಾದದಲ್ಲಿ ತಿರುಳಿದೆ. ಸರ್ಕಾರಿ ಕಾಲೇಜಿನ ಬಿ.ಎ. ತರಗತಿಗೆ ಬರುವವರಲ್ಲಿ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು, ಬಿಡುವಿನಲ್ಲಿ ದುಡಿಯುವ ಹುಡುಗರು ಹೆಚ್ಚು. ಇಂಥ ಕುಟುಂಬಕ್ಕೆ ಇನ್ನೊಂದು ವರ್ಷವೆಂದರೆ ಒಂದು ವರ್ಷದ ಖರ್ಚು ಮತ್ತು ಒಂದು ವರ್ಷದ ಗಳಿಕೆಯ ನಷ್ಟ. ಮಗಳ ಓದನ್ನು ಮದುವೆಯ ಮಾತು ಬಂದೊಡನೆ ನಿಲ್ಲಿಸುವ ಮನೆಗಳಲ್ಲಿ ಮೂರು ವರ್ಷಕ್ಕೆ ಪದವಿ ಕೈಗೆ ಬರುವುದು ದೊಡ್ಡ ರಕ್ಷಣೆ.

ಆದರೆ ಇದರ ಮತ್ತೊಂದು ಮುಖವೂ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದ್ಧತಿಯಲ್ಲಿ ಮುಂದುವರಿದಿವೆ. ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿಯೂ ನಾಲ್ಕು ವರ್ಷದ ಆನರ್ಸ್ ಪದವಿ ಲಭ್ಯವಿದೆ. ಹೀಗಾಗಿ ಶುಲ್ಕ ತೆರಬಲ್ಲ ವಿದ್ಯಾರ್ಥಿಗೆ ಎರಡು ಹಾದಿ, ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಒಂದೇ ಹಾದಿ ಎಂಬ ಸ್ಥಿತಿ ಏರ್ಪಡುತ್ತಿದೆ. ಬಡವರ ಹೊರೆ ಇಳಿಸಲೆಂದು ಕೈಗೊಂಡ ಕ್ರಮ ಬಡವರ ಆಯ್ಕೆಯನ್ನೂ ಇಳಿಸಿತೇ ಎಂಬ ಪ್ರಶ್ನೆ ಅಪ್ರಸ್ತುತವಲ್ಲ.

ಕ್ರೆಡಿಟ್‌ಗಳ ಗಣಿತ

ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟನ್ನು ಹತ್ತಿರದಿಂದ ನೋಡಿದರೆ ಗೊಂದಲ ಸ್ವಲ್ಪ ತಿಳಿಯಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಪ್ರಕಟವಾದ ಪದವಿ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. 2024ರಲ್ಲಿ ಬಂದ ಸ್ನಾತಕೋತ್ತರ ಚೌಕಟ್ಟು, ಆನರ್ಸ್ ಮುಗಿಸಿದವರಿಗೆ ಒಂದೇ ವರ್ಷದ ಎಂ.ಎ.ಗೆ ಅವಕಾಶ ಕಲ್ಪಿಸಿತು. ಮೂರು ವರ್ಷದ ಪದವೀಧರರಿಗೆ ಎಂ.ಎ. ಎಂದಿನಂತೆ ಎರಡು ವರ್ಷ. ಒಂದು ವರ್ಷಕ್ಕೆ ಸರಾಸರಿ 40 ಕ್ರೆಡಿಟ್ ಎಂದು ಹಿಡಿದರೆ ಎರಡೂ ಹಾದಿಯ ಕೊನೆಯಲ್ಲಿ ಸಿಗುವುದು ಐದು ವರ್ಷ, 200 ಕ್ರೆಡಿಟ್. ಎಂ.ಎ. ತನಕ ಓದುವ ಇಚ್ಛೆಯುಳ್ಳವರಿಗೆ ಕಾಲದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ವ್ಯತ್ಯಾಸವಿರುವುದು ಮೂರು ಕಡೆ. ಮೊದಲನೆಯದು ಸಂಶೋಧನೆಯ ಪ್ರವೇಶ. ಆಯೋಗದ 2022ರ ಪಿಎಚ್.ಡಿ. ನಿಯಮಗಳಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75ರಷ್ಟು ಅಂಕ ಗಳಿಸಿದವರು ಎಂ.ಎ. ಇಲ್ಲದೆಯೂ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು, ಪರಿಶಿಷ್ಟ ಜಾತಿ, ಪಂಗಡ ಮೊದಲಾದ ವರ್ಗಗಳಿಗೆ ಅಂಕದಲ್ಲಿ ಸಡಿಲಿಕೆಯುಂಟು. ಎರಡನೆಯದು ವಿದೇಶ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಹದಿನಾರು ವರ್ಷಗಳ ಓದನ್ನು ನಿರೀಕ್ಷಿಸುತ್ತವೆ. ಮೂರು ವರ್ಷದ ಪದವೀಧರ ಅಲ್ಲಿ ಒಂದು ವರ್ಷ ಕಡಿಮೆ ಬೀಳುತ್ತಾನೆ. ಮೂರನೆಯದು ಅಧ್ಯಾಪನ. ಕಾಲೇಜು ಅಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಅದರೊಡನೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ಎನ್‌ಇಟಿ, ಅಥವಾ ರಾಜ್ಯದ ಕೆ-ಸೆಟ್‌ನಲ್ಲಿ ತೇರ್ಗಡೆ, ಇಲ್ಲವೇ ಪಿಎಚ್.ಡಿ. ಬೇಕು. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಲು ಎಂ.ಎ. ಜೊತೆಗೆ ಬಿ.ಎಡ್. ಕೂಡ ಅಗತ್ಯ. ಪಾಠ ಹೇಳುವ ಕನಸುಳ್ಳವರು ಆನರ್ಸ್‌ಗೆ ನಿಲ್ಲುವಂತಿಲ್ಲ.

ಒಂದು ವರ್ಷದ ಎಂ.ಎ. ವಿಷಯದಲ್ಲಿ ಎಚ್ಚರ ಅಗತ್ಯ. ಆಯೋಗದ ಚೌಕಟ್ಟು ಅವಕಾಶ ನೀಡುತ್ತದೆಯೇ ಹೊರತು ಪ್ರತಿಯೊಂದು ವಿಶ್ವವಿದ್ಯಾಲಯವೂ ಅಂಥ ತರಗತಿಯನ್ನು ತೆರೆಯಲೇಬೇಕೆಂದು ಹೇಳುವುದಿಲ್ಲ. ಆನರ್ಸ್ ಮುಗಿಸಿದವರು ಎರಡು ವರ್ಷದ ಎಂ.ಎ.ಗೇ ಸೇರಬೇಕಾಗಿ ಬಂದರೆ ಅವರ ಓದು ಆರು ವರ್ಷಕ್ಕೆ ಬೆಳೆಯುತ್ತದೆ. ನಾಲ್ಕನೆಯ ವರ್ಷಕ್ಕೆ ಹೆಸರು ನೋಂದಾಯಿಸುವ ಮೊದಲು, ಮುಂದೆ ಸೇರಬಯಸುವ ವಿಶ್ವವಿದ್ಯಾಲಯದ ನಿಯಮವನ್ನು ಓದಿಕೊಳ್ಳುವುದು ಲೇಸು.

ಇನ್ನೊಂದು ಷರತ್ತು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. 'ಸಂಶೋಧನೆಯೊಡನೆ ಆನರ್ಸ್' ಎಂಬ ಪದವಿಗೆ 12 ಕ್ರೆಡಿಟ್‌ಗಳ ಸಂಶೋಧನಾ ಪ್ರಬಂಧ ಬರೆಯಬೇಕು. ಅದನ್ನು ನಡೆಸುವ ವಿಭಾಗದಲ್ಲಿ ಪಿಎಚ್.ಡಿ. ಮಾರ್ಗದರ್ಶಕರೆಂದು ಮಾನ್ಯತೆ ಪಡೆದ ಕನಿಷ್ಠ ಇಬ್ಬರು ಖಾಯಂ ಅಧ್ಯಾಪಕರು, ಗ್ರಂಥಾಲಯ ಮತ್ತು ಪತ್ರಿಕೆಗಳ ಸೌಲಭ್ಯ ಇರಬೇಕೆಂಬುದು ಆಯೋಗದ ನಿರೀಕ್ಷೆ. ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರಕ್ಕೆ ಒಬ್ಬ ಖಾಯಂ ಅಧ್ಯಾಪಕರಿದ್ದರೆ ಅದೇ ಪುಣ್ಯ. ನಾಲ್ಕನೆಯ ವರ್ಷವನ್ನು ಕಾಗದದ ಮೇಲೆ ತೆರೆದಾಗಲೂ ಬಹುತೇಕ ಕಾಲೇಜುಗಳ ಪಾಲಿಗೆ ಅದು ನಿಜವಾಗಿ ತೆರೆದಿರಲಿಲ್ಲ.

ಮೈಸೂರಿನ ಹಳೆಯ ಆನರ್ಸ್

ಆನರ್ಸ್ ಎಂಬ ಶಬ್ದ ಈ ನಾಡಿಗೆ 2021ರಲ್ಲಿ ಬಂದುದಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯ, ಸಮಾಜಶಾಸ್ತ್ರದ ಬೋಧನೆಗೆ ಬಲುಬೇಗ ಮನಸ್ಸು ಮಾಡಿದ ಭಾರತೀಯ ವಿಶ್ವವಿದ್ಯಾಲಯಗಳಲ್ಲಿ ಒಂದು. 1921ರಿಂದ 1930ರವರೆಗೆ ಕುಲಪತಿಗಳಾಗಿದ್ದ ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲ್ ಮತ್ತು ಮಹಾರಾಜ ಕಾಲೇಜಿನ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಎ.ಆರ್. ವಾಡಿಯಾ ಅವರ ಹೆಸರು ಈ ಆರಂಭದೊಡನೆ ಬೆಸೆದುಕೊಂಡಿದೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ 1919ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಅವರಿಂದ ಪ್ರತ್ಯೇಕ ವಿಭಾಗ ಆರಂಭವಾದ ಕೆಲವೇ ವರ್ಷಗಳ ಮಾತಿದು.

ಮಹಾರಾಜ ಕಾಲೇಜಿನಲ್ಲಿ 'ಸೋಷಿಯಲ್ ಫಿಲಾಸಫಿ' ಎಂಬ ಹೆಸರಿನ ಆನರ್ಸ್ ಪದವಿಯಿತ್ತು. ಸಮಾಜಶಾಸ್ತ್ರ, ಮಾನವಶಾಸ್ತ್ರ, ನೀತಿಶಾಸ್ತ್ರ, ರಾಜಕೀಯ ಚಿಂತನೆಗಳನ್ನು ಒಟ್ಟಿಗೆ ಓದಿಸುತ್ತಿದ್ದ ಆ ಪದವಿಯನ್ನು 1936ರಲ್ಲಿ ಮುಗಿಸಿದವರಲ್ಲಿ ಮೈಸೂರಿನ ತರುಣ ಎಂ.ಎನ್. ಶ್ರೀನಿವಾಸ್ ಒಬ್ಬರು. ಅಲ್ಲಿಂದ ಅವರು ಮುಂಬಯಿಗೆ ತೆರಳಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು. ಎಂ.ಎ. ಪದವಿಗೆ ಬರೆದ ಪ್ರಬಂಧವೇ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ ಪದ್ಧತಿಯನ್ನು ಕುರಿತ ಪುಸ್ತಕವಾಗಿ 1942ರಲ್ಲಿ ಹೊರಬಂತು. ಕೊಡವರನ್ನು ಕುರಿತ ಅಧ್ಯಯನ ಮುಂಬಯಿಯಲ್ಲಿ ಆರಂಭವಾಗಿ ಆಕ್ಸ್‌ಫರ್ಡಿನಲ್ಲಿ ಹೊಸ ರೂಪ ಪಡೆದು 1952ರಲ್ಲಿ ಪ್ರಕಟವಾಯಿತು. ದೇಶದೆಲ್ಲೆಡೆ ಇಂದು ಪಠ್ಯದ ಭಾಗವಾಗಿರುವ 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆಗೆ ಆ ಗ್ರಂಥವೇ ಆಧಾರ. 'ಪ್ರಬಲ ಜಾತಿ' ಎಂಬ ಇನ್ನೊಂದು ಪರಿಕಲ್ಪನೆ ರೂಪುಗೊಂಡದ್ದು ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ಅವರು 1948ರಲ್ಲಿ ನಡೆಸಿದ ಕ್ಷೇತ್ರಕಾರ್ಯದಿಂದ. ಆ ಹಳ್ಳಿಗೆ ಅವರು ಇಟ್ಟ ಹೆಸರು 'ರಾಂಪುರ'. ಅದರ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದಾಗ, ನೆನಪಿನ ಬಲದಿಂದಲೇ ಬರೆದ ಗ್ರಂಥ 1976ರಲ್ಲಿ ಬೆಳಕು ಕಂಡಿತು.

ಈ ನೆಲದಲ್ಲಿ ನಡೆದ ಕೆಲಸ ಶ್ರೀನಿವಾಸರೊಬ್ಬರದೇ ಅಲ್ಲ. 1954ರಿಂದ 1956ರವರೆಗೆ ಮಂಡ್ಯದ ಸೀಮೆಯಲ್ಲಿದ್ದ ಸ್ಕಾರ್ಲೆಟ್ ಎಪ್‌ಸ್ಟೀನ್, ನಾಲೆಯ ನೀರು ಬಂದ ಹಳ್ಳಿಯನ್ನೂ ಬಾರದ ಹಳ್ಳಿಯನ್ನೂ ಹೋಲಿಸಿ ನೋಡಿದರು. ನೀರು ಬಂದ ಊರಿನಲ್ಲಿ ಕಬ್ಬು ಬೆಳೆದು ಹಣ ಬಂದರೂ ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ನೀರು ಬಾರದ ಊರಿನವರು ಪೇಟೆಯತ್ತ, ವ್ಯಾಪಾರ-ನೌಕರಿಗಳತ್ತ ಹೊರಳಿದ್ದರಿಂದ ಅಲ್ಲಿಯ ಸಂಬಂಧಗಳೇ ಹೆಚ್ಚು ಬದಲಾದವು. ಆದಾಯದ ಅಂಕಿಯೊಂದನ್ನೇ ನೋಡಿದವರಿಗೆ ಇದು ಕಾಣುತ್ತಿರಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದು ಮುಂದೆ ಕೆನಡಾಕ್ಕೆ ತೆರಳಿದ ಹಿರೇಮಲ್ಲೂರ ಈಶ್ವರನ್, ಉತ್ತರ ಕರ್ನಾಟಕದ ಹಳ್ಳಿಯನ್ನು ಕುರಿತು ಬರೆದರು. ಕನ್ನಡದ ಲೇಖಕರಾಗಿಯೂ ಹೆಸರಾದರು. ಮ್ಯಾಂಚೆಸ್ಟರ್‌ನಲ್ಲಿ ಪಿಎಚ್.ಡಿ. ಪಡೆದು ಮರಳಿದ ಸಿ. ಪಾರ್ವತಮ್ಮ, ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಲೇ ಪರಿಶಿಷ್ಟ ಜಾತಿಗಳ ಬದುಕನ್ನು ಅಧ್ಯಯನದ ಕೇಂದ್ರಕ್ಕೆ ತಂದರು. ಹೊರಗಿನಿಂದ ನೋಡಿ ಬರೆದ ಜಾತಿಯ ಕಥನಕ್ಕೆ ಒಳಗಿನ ಅನುಭವದ ಪ್ರಶ್ನೆಗಳು ಸೇರಿದ್ದು ಹೀಗೆ.

ಈ ವಿದ್ವಾಂಸರ ಕೆಲಸದಲ್ಲಿ ಸಮಾನವಾದ ಅಂಶವೊಂದಿದೆ. ಅವರು ಪ್ರಶ್ನೆಯನ್ನು ಪುಸ್ತಕದಿಂದ ಎತ್ತಿಕೊಂಡರೂ ಉತ್ತರವನ್ನು ಊರಿನಲ್ಲಿ ಹುಡುಕಿದರು; ತಿಂಗಳುಗಟ್ಟಲೆ ಇದ್ದು, ಜನರ ಭಾಷೆಯಲ್ಲಿ ಮಾತನಾಡಿ, ಕಂಡದ್ದನ್ನು ಬರೆದಿಟ್ಟರು. ಹಳೆಯ ಆನರ್ಸ್‌ಗೆ ಬೆಲೆ ಬಂದದ್ದು ಒಂದು ವಿಷಯವನ್ನು ಆಳವಾಗಿ ಓದಿಸಿ ಇಂಥ ಕೆಲಸಕ್ಕೆ ಮನಸ್ಸನ್ನು ಹದ ಮಾಡಿದ್ದರಿಂದ. ಇಂದಿನ ಚರ್ಚೆಯಲ್ಲಿ ಕಾಣದಿರುವುದು ಈ ಅಂಶವೇ.

ಎಣಿಸುವವರು ಯಾರು, ಓದುವವರು ಯಾರು?

ಇಷ್ಟಕ್ಕೂ ಸಮಾಜಶಾಸ್ತ್ರದ ಗತಿಯನ್ನು ಕುರಿತು ಸಾಮಾನ್ಯ ನಾಗರಿಕ ಏಕೆ ತಲೆ ಕೆಡಿಸಿಕೊಳ್ಳಬೇಕು? ಉತ್ತರ 2025ರ ವಿದ್ಯಮಾನಗಳಲ್ಲಿದೆ.

ಆ ವರ್ಷದ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ, ಒಳಮೀಸಲಾತಿಯ ಸಲುವಾಗಿ ಪರಿಶಿಷ್ಟ ಜಾತಿಗಳ ಮನೆಮನೆ ಸಮೀಕ್ಷೆ ಆರಂಭಿಸಿತು. ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವುದು 101 ಜಾತಿಗಳು. ಸಮೀಕ್ಷೆಗೆ ಎದುರಾದ ದೊಡ್ಡ ತೊಡಕು ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂಬ ಹೆಸರುಗಳು. ಇವು ಮೂಲತಃ ಜಾತಿಯನ್ನಲ್ಲದೆ ಗುಂಪೊಂದರ ಗುರುತನ್ನು ಸೂಚಿಸುವ ಹೆಸರುಗಳು; ಒಂದು ಜಿಲ್ಲೆಯಲ್ಲಿ ಒಂದು ಸಮುದಾಯ, ಇನ್ನೊಂದು ಜಿಲ್ಲೆಯಲ್ಲಿ ಮತ್ತೊಂದು ಸಮುದಾಯ ಅದೇ ಹೆಸರಿನಲ್ಲಿ ಪ್ರಮಾಣಪತ್ರ ಪಡೆದಿದೆ. ಮೂಲ ಜಾತಿಯನ್ನು ಹೇಳಲು ಕೆಲವರು ಹಿಂಜರಿದರು. ನಗರದ ಬಾಡಿಗೆ ಮನೆಯಲ್ಲಿ ಜಾತಿ ಬಾಯಿಬಿಟ್ಟರೆ ಏನಾದೀತೆಂಬ ಅಳುಕು ಇದ್ದವರೂ ಉಂಟು. ಆಗಸ್ಟ್ 4ರಂದು ವರದಿ ಸಲ್ಲಿಕೆಯಾಯಿತು. ಅದೇ ತಿಂಗಳು ಸಚಿವ ಸಂಪುಟ ಶೇ 6, 6 ಮತ್ತು 5ರ ಹಂಚಿಕೆಯನ್ನು ನಿರ್ಧರಿಸಿತು. ಒಂದು ಹೆಸರಿನ ಅರ್ಥವೇನೆಂಬ ಸಮಾಜಶಾಸ್ತ್ರದ ಪ್ರಶ್ನೆಯೊಂದರ ಮೇಲೆ ಸಾವಿರಾರು ಕುಟುಂಬಗಳ ಉದ್ಯೋಗ ಮತ್ತು ಶಿಕ್ಷಣದ ಪಾಲು ನಿಂತಿತ್ತು.

ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ನಮೂನೆಯಲ್ಲಿ 60 ಪ್ರಶ್ನೆಗಳು. ಗಣತಿಗೆ ನಿಯೋಜಿತರಾದವರು ಬಹುತೇಕ ಶಾಲಾ ಶಿಕ್ಷಕರು. ಕೆಲಸ ಮುಗಿಯದಿದ್ದಾಗ ಅಕ್ಟೋಬರ್ 8ರಿಂದ 18ರವರೆಗೆ ಶಾಲೆಗಳಿಗೆ ರಜೆ ವಿಸ್ತರಿಸಬೇಕಾಯಿತು. ಕ್ರೈಸ್ತ ಎಂಬ ಪದದೊಡನೆ ಹಿಂದೂ ಜಾತಿಗಳ ಹೆಸರು ಸೇರಿದ 33 ನಮೂದುಗಳ ವಿವಾದ ಎದ್ದಿತು. ವೀರಶೈವ, ಲಿಂಗಾಯತ ಪದಗಳನ್ನು ಯಾವ ಕಲಮಿನಲ್ಲಿ ಬರೆಸಬೇಕೆಂಬ ಬಗ್ಗೆ ಮಠಗಳೂ ಸಂಘಟನೆಗಳೂ ಭಿನ್ನ ಕರೆಗಳನ್ನು ಕೊಟ್ಟವು. ಮಾಹಿತಿ ಕೊಡುವುದು ಐಚ್ಛಿಕ, ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಮಧ್ಯಂತರ ಆದೇಶದಲ್ಲಿ ಹೇಳಿತು.

2015ರಲ್ಲಿ ಕಾಂತರಾಜ ಆಯೋಗ ನಡೆಸಿದ್ದ ಹಿಂದಿನ ಸಮೀಕ್ಷೆಯ ವರದಿ 2024ರ ಫೆಬ್ರವರಿಯಲ್ಲಿ ಸರ್ಕಾರದ ಕೈಸೇರಿ, 2025ರಲ್ಲಿ ಸಂಪುಟದ ಮುಂದೆ ಬಂದು, ದತ್ತಾಂಶ ಹಳೆಯದಾಯಿತೆಂಬ ಕಾರಣಕ್ಕೆ ಬದಿಗೆ ಸರಿದುದನ್ನೂ ಇಲ್ಲಿ ನೆನೆಯಬೇಕು. ಅಂಕಿಗಳನ್ನು ಸಂಗ್ರಹಿಸುವ ಉತ್ಸಾಹ, ಅವನ್ನು ಸಕಾಲದಲ್ಲಿ ಓದಿ ಅರ್ಥೈಸುವ ಸಾಮರ್ಥ್ಯವಾಗಿ ಮಾರ್ಪಡಲಿಲ್ಲ. ಈಗ ರಾಷ್ಟ್ರಮಟ್ಟದಲ್ಲಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಜನಗಣತಿ ಗೊತ್ತಾಗಿದೆ. 1931ರ ನಂತರ ಎಲ್ಲ ಜಾತಿಗಳನ್ನೂ ಎಣಿಸುವ ಮೊದಲ ಜನಗಣತಿ ಅದು.

ಪ್ರಶ್ನೆಯನ್ನು ಹೇಗೆ ಕೇಳಬೇಕು, ಉತ್ತರಿಸುವವರು ಏಕೆ ಅಳುಕುತ್ತಾರೆ, ಒಂದೇ ಹೆಸರು ಎರಡು ಊರಿನಲ್ಲಿ ಎರಡು ಅರ್ಥ ಕೊಟ್ಟರೆ ಏನು ಮಾಡಬೇಕು, ಮನೆಯ ಯಜಮಾನ ಕೊಟ್ಟ ಉತ್ತರದಲ್ಲಿ ಹೆಂಗಸರ ದುಡಿಮೆ ಎಲ್ಲಿ ಮರೆಯಾಯಿತು ಎಂಬಿವೆಲ್ಲ ಸಮಾಜಶಾಸ್ತ್ರ ವಿಭಾಗಗಳಲ್ಲಿ 'ಸಂಶೋಧನಾ ವಿಧಾನಗಳು' ಎಂಬ ಪತ್ರಿಕೆಯಡಿ ಕಲಿಸಬೇಕಾದ ಸಂಗತಿಗಳು. ಆ ಪತ್ರಿಕೆ ಎಷ್ಟೋ ಕಡೆ ಮಾದರಿ ಸಮೀಕ್ಷೆಯ ಲಕ್ಷಣಗಳೇನು, ಗುಣದೋಷಗಳೇನು ಎಂಬ ಹತ್ತು ಅಂಕದ ಪ್ರಶ್ನೆಯಲ್ಲಿಯೇ ಮುಗಿದುಹೋಗುತ್ತದೆ. ಇಂಥ ತರಗತಿಯಲ್ಲಿ ವಿದ್ಯಾರ್ಥಿ ಒಂದು ಬೀದಿಯ ಇಪ್ಪತ್ತು ಮನೆಗಳಿಗೂ ಹೋಗದೆ ಪದವಿ ಪಡೆಯಬಹುದು.

ಕನ್ನಡದಲ್ಲಿ ಓದಿದವನ ಕಷ್ಟ

ಪದವಿಪೂರ್ವ ಹಂತದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಜೊತೆ ಸಮಾಜಶಾಸ್ತ್ರವನ್ನು ಆರಿಸಿಕೊಳ್ಳುವ ಕಲಾ ವಿಭಾಗದ ವಿದ್ಯಾರ್ಥಿಗಳಲ್ಲಿ ಕನ್ನಡ ಮಾಧ್ಯಮದವರೇ ಹೆಚ್ಚು. ಪದವಿಯಲ್ಲಿಯೂ ಅವರು ಕನ್ನಡದಲ್ಲಿ ಉತ್ತರ ಬರೆಯಬಹುದು. ಆ ಹಂತದವರೆಗೆ ಚ.ನ. ಶಂಕರರಾವ್ ಅಂಥವರ ಪಠ್ಯಗಳು ಅವರನ್ನು ದಡ ಸೇರಿಸುತ್ತವೆ. ಎಂ.ಎ.ಗೆ ಬಂದೊಡನೆ ನೆಲ ಕುಸಿದಂತಾಗುತ್ತದೆ. ಮಾರ್ಕ್ಸ್, ವೇಬರ್, ಡರ್ಕ್‌ಹೈಮ್ ಅವರ ಮೂಲ ಬರಹಗಳಿರಲಿ, ಕರ್ನಾಟಕದ ಹಳ್ಳಿಗಳನ್ನೇ ಕುರಿತು ಶ್ರೀನಿವಾಸ್ ಮತ್ತು ಎಪ್‌ಸ್ಟೀನ್ ಬರೆದುದೂ ಮೂಲದಲ್ಲಿ ಇಂಗ್ಲಿಷ್‌ನಲ್ಲಿದೆ. ತನ್ನೂರಿನ ಕಥೆಯನ್ನು ಪರಭಾಷೆಯಲ್ಲಿ ಓದಿ, ಅದನ್ನು ಮತ್ತೆ ತನ್ನ ಭಾಷೆಗೆ ತಂದುಕೊಂಡು ಅರ್ಥಮಾಡಿಕೊಳ್ಳುವ ಶ್ರಮ ಈ ವಿದ್ಯಾರ್ಥಿಯದು.

ಎಂ.ಎ. ಮುಗಿದ ಮೇಲೆ ಎದುರಾಗುವ ಎನ್‌ಇಟಿ ಪರೀಕ್ಷೆಯಲ್ಲಿ ಸಮಾಜಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅದರಲ್ಲಿ ಕಿರಿಯ ಸಂಶೋಧನಾ ಫೆಲೊಶಿಪ್ ಗಿಟ್ಟಿಸಿದವರಿಗೆ 2023ರ ಜನವರಿಯಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ. ಬಡ ಕುಟುಂಬದ ಸಂಶೋಧಕನಿಗೆ ಈ ಮೊತ್ತವೇ ಸಂಶೋಧನೆಯನ್ನು ಸಾಧ್ಯವಾಗಿಸುತ್ತದೆ. ಹಿಂದಿ ಮಾತೃಭಾಷೆಯ ಅಭ್ಯರ್ಥಿಗೆ ತನ್ನ ಭಾಷೆಯಲ್ಲಿ ಓದಿ ಉತ್ತರಿಸುವ ಸೌಲಭ್ಯವಿದೆ, ಕನ್ನಡದ ಅಭ್ಯರ್ಥಿಗೆ ಅದಿಲ್ಲ. ಪದವಿಗೆ ಎಷ್ಟು ವರ್ಷವೆಂಬ ವಾದಕ್ಕಿಂತ ಈ ಅಸಮಾನತೆಯೇ ಎಷ್ಟೋ ಮಂದಿಯ ಹಾದಿಯನ್ನು ನಿರ್ಧರಿಸುತ್ತದೆ.

ಭಾಷೆಯ ಪ್ರಶ್ನೆಯನ್ನು ಕೀಳರಿಮೆಯ ಪ್ರಶ್ನೆಯನ್ನಾಗಿ ನೋಡಬೇಕಾಗಿಲ್ಲ. ಕ್ಷೇತ್ರಕ್ಕೆ ಇಳಿದಾಗ ಇದೇ ವಿದ್ಯಾರ್ಥಿಯ ಕೈ ಮೇಲಾಗುತ್ತದೆ. ಒಕ್ಕಲು, ಆಯ, ಕೂಡೊಕ್ಕಲು, ಮುಯ್ಯಿ, ಬೀಗತನ, ಕಟ್ಟುಪಾಡು ಎಂಬ ಮಾತುಗಳ ಒಳಗುಟ್ಟು ಅವನಿಗೆ ಮನೆಯಲ್ಲಿಯೇ ತಿಳಿದಿದೆ. ಆ ತಿಳಿವಳಿಕೆಯನ್ನು ಶಾಸ್ತ್ರದ ಶಿಸ್ತಿಗೆ ಒಗ್ಗಿಸುವ ಅಧ್ಯಾಪಕರು ಮತ್ತು ಪುಸ್ತಕಗಳು ಬೇಕು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಸಂಸ್ಥೆಯಿರುವ ನಾಡಿನಲ್ಲಿ ಇದು ಅಸಾಧ್ಯವೇನಲ್ಲ.

ಪಾಠ ಹೇಳುವವರ ಪಾಡು

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಕಾಲದಿಂದ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆದು ಬಂದಿವೆ. ಸೇವಾ ಭದ್ರತೆಗಾಗಿ ಅವರು ತರಗತಿ ಬಹಿಷ್ಕರಿಸಿ ಬೀದಿಗಿಳಿದದ್ದು 2021-22ರಲ್ಲಿ, ಮತ್ತೆ 2023ರಲ್ಲಿ. ಸಹಾಯಕ ಪ್ರಾಧ್ಯಾಪಕರ 1,242 ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಟು 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಆ ಹುದ್ದೆಗಳು ಎಲ್ಲ ವಿಷಯಗಳಿಗೂ ಸೇರಿದ್ದವು. ಸಮಾಜಶಾಸ್ತ್ರದಲ್ಲಿ ಎಂ.ಎ., ಕೆ-ಸೆಟ್, ಪಿಎಚ್.ಡಿ. ಎಲ್ಲ ಮುಗಿಸಿದವರೂ ಹತ್ತಾರು ವರ್ಷ ಅತಿಥಿಗಳಾಗಿಯೇ ಉಳಿದ ಉದಾಹರಣೆಗಳು ಬೇಕಾದಷ್ಟಿವೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೆಂಬ ಖಾತ್ರಿಯಿಲ್ಲದವರು ವಿದ್ಯಾರ್ಥಿಯ ವರ್ಷಪೂರ್ತಿಯ ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವುದಾದರೂ ಹೇಗೆ?

ಹೊಸ ವಿಶ್ವವಿದ್ಯಾಲಯಗಳ ಸ್ಥಿತಿಯೂ ನೆಮ್ಮದಿಯದಲ್ಲ. ಹಣ ಮತ್ತು ಸಿಬ್ಬಂದಿಯ ಕೊರತೆಯನ್ನು ಮುಂದಿಟ್ಟು, ಆಗಷ್ಟೇ ತಲೆಯೆತ್ತಿದ್ದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆ 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂದಿತು. ಜಿಲ್ಲೆಯಲ್ಲಿಯೇ ಎಂ.ಎ. ಸಿಗುತ್ತದೆಂದು ಮಗಳನ್ನು ಕಳಿಸಿದ ಮನೆಯವರಿಗೆ ಇದು ಕೇವಲ ಆಡಳಿತದ ಸುದ್ದಿಯಾಗಿರಲಿಲ್ಲ.

ಓದಿದ ಮೇಲೆ ಏನು?

ಉದ್ಯೋಗದ ಪ್ರಶ್ನೆಯನ್ನು ಮುಚ್ಚಿಟ್ಟು ಸಮಾಜಶಾಸ್ತ್ರದ ಮಹತ್ವವನ್ನು ಹೊಗಳುವುದು ಪ್ರಾಮಾಣಿಕವಲ್ಲ. ಸರ್ಕಾರೇತರ ಸಂಸ್ಥೆಗಳು, ಆಸ್ಪತ್ರೆಗಳು, ಕಾರ್ಖಾನೆಗಳ ಕಾರ್ಮಿಕ ಕಲ್ಯಾಣ ವಿಭಾಗಗಳು ಬಹಳಷ್ಟು ಹುದ್ದೆಗಳಿಗೆ ಕೇಳುವುದು ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಪದವಿಯನ್ನು. ಸಮಾಜಶಾಸ್ತ್ರ, ಸಮಾಜಕಾರ್ಯ ಎರಡೂ ಒಂದೇ ಎಂದು ಭಾವಿಸಿ ಸೇರಿದ ವಿದ್ಯಾರ್ಥಿಗಳು ಅರ್ಜಿ ಹಾಕುವಾಗ ಎಚ್ಚೆತ್ತುಕೊಳ್ಳುವುದುಂಟು. ಕ್ಷೇತ್ರದಲ್ಲಿ ಜನರ ಜೊತೆ ನಿಂತು ಕೆಲಸ ಮಾಡುವ ಇಚ್ಛೆಯುಳ್ಳವರಿಗೆ ಎಂ.ಎಸ್.ಡಬ್ಲ್ಯು. ನೇರ ಹಾದಿ. ಏಕೆ, ಹೇಗೆ ಎಂದು ಕೇಳುವ ಮನಸ್ಸಿನವರಿಗೆ ಸಮಾಜಶಾಸ್ತ್ರ.

ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ ಸಮಾಜಶಾಸ್ತ್ರ ಐಚ್ಛಿಕ ವಿಷಯವಾಗಿದ್ದು, ತಲಾ 250 ಅಂಕಗಳ ಎರಡು ಪತ್ರಿಕೆಗಳಿವೆ. ಇಂಜಿನಿಯರಿಂಗ್ ಓದಿದವರೂ ಅದನ್ನು ಆರಿಸಿಕೊಳ್ಳುವುದರಿಂದ ನಗರಗಳ ತರಬೇತಿ ಕೇಂದ್ರಗಳಲ್ಲಿ ಈ ವಿಷಯಕ್ಕೆ ಬೇಡಿಕೆಯಿದೆ. ಸಂಶೋಧನಾ ಸಂಸ್ಥೆಗಳು, ಸಮೀಕ್ಷಾ ಕಂಪನಿಗಳು, ಪತ್ರಿಕೋದ್ಯಮ, ಗ್ರಾಮೀಣಾಭಿವೃದ್ಧಿಯ ಯೋಜನೆಗಳಲ್ಲಿಯೂ ಅವಕಾಶಗಳಿವೆ. ಆದರೆ ಅಲ್ಲೆಲ್ಲ ಕೇಳುವುದು ಅಂಕಪಟ್ಟಿಗಿಂತ ಹೆಚ್ಚಾಗಿ ಪ್ರಶ್ನಾವಳಿ ರೂಪಿಸುವ, ಸಂದರ್ಶನ ನಡೆಸುವ, ಅಂಕಿಅಂಶ ಜೋಡಿಸುವ, ಸ್ಪಷ್ಟವಾಗಿ ವರದಿ ಬರೆಯುವ ಕೌಶಲವನ್ನು. ಕೆಲಸದಲ್ಲಿದ್ದು ಓದಬಯಸುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಲಭ್ಯವಿದೆ.

ಆಗಬೇಕಾದುದು

ಮೂರು ವರ್ಷದ ಪದವಿಯನ್ನು ಉಳಿಸಿಕೊಳ್ಳುವುದೇ ಸರ್ಕಾರದ ನಿಲುವಾದರೆ, ಅದರೊಡನೆ ಕೆಲವು ಹೊಣೆಗಳೂ ಬರುತ್ತವೆ. ಸುಸಜ್ಜಿತ ವಿಭಾಗಗಳಿರುವ ಮೈಸೂರು, ಬೆಂಗಳೂರು, ಧಾರವಾಡ, ಕಲಬುರಗಿಯಂಥ ಹಳೆಯ ವಿಶ್ವವಿದ್ಯಾಲಯ ಕೇಂದ್ರಗಳಲ್ಲಾದರೂ ನಾಲ್ಕನೆಯ ವರ್ಷದ ಆನರ್ಸ್ ಆಯ್ಕೆಯನ್ನು ವಿದ್ಯಾರ್ಥಿವೇತನದೊಡನೆ ಉಳಿಸಿದರೆ, ಅದು ಹಣವಂತರ ಸೊತ್ತಾಗುವುದು ತಪ್ಪುತ್ತದೆ. ಪದವಿಯಲ್ಲಿಯೇ ಒಂದು ಸೆಮಿಸ್ಟರಿನ ಕ್ಷೇತ್ರಕಾರ್ಯವನ್ನು ಕಡ್ಡಾಯ ಮಾಡುವುದಕ್ಕೆ ಹೆಚ್ಚಿನ ವೆಚ್ಚ ಬೇಕಿಲ್ಲ. ವಿದ್ಯಾರ್ಥಿಗಳು ಬರುವುದೇ ಹಳ್ಳಿ ಮತ್ತು ಬಡಾವಣೆಗಳಿಂದ. ಮುಖ್ಯ ಗ್ರಂಥಗಳ ಆಯ್ದ ಭಾಗಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಹಂಚಿಕೊಳ್ಳಬಹುದು. ಎನ್‌ಇಟಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯಬೇಕೆಂಬ ಒತ್ತಾಯವನ್ನು ಕೇಂದ್ರದ ಮುಂದಿಡುವುದಕ್ಕೆ ರಾಜ್ಯಕ್ಕೆ ಯಾವ ಅಡ್ಡಿಯೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಸಮೀಕ್ಷೆಗಳಿಗೆ ಸಂಬಂಧಿಸಿದ್ದು. ಕೋಟ್ಯಂತರ ರೂಪಾಯಿ ವೆಚ್ಚದಲ್ಲಿ ಸಂಗ್ರಹವಾದ ದತ್ತಾಂಶವನ್ನು, ವ್ಯಕ್ತಿ ಮತ್ತು ಕುಟುಂಬಗಳ ಗುರುತು ತೆಗೆದು, ಸಮಾಜಶಾಸ್ತ್ರ ವಿಭಾಗಗಳ ಅಧ್ಯಯನಕ್ಕೆ ಒದಗಿಸುವ ವ್ಯವಸ್ಥೆ ರೂಪುಗೊಳ್ಳಬೇಕು. ಆಗ ಅಂಕಿಗಳ ಸತ್ಯಾಸತ್ಯತೆಯನ್ನು ರಾಜಕೀಯ ಪಕ್ಷಗಳು ಮತ್ತು ಜಾತಿ ಸಂಘಗಳಷ್ಟೇ ಅಲ್ಲದೆ ವಿದ್ವಾಂಸರೂ ಪರಿಶೀಲಿಸಲು ಸಾಧ್ಯ. ಮುಂದಿನ ಸಮೀಕ್ಷೆಗಳಲ್ಲಿ ಎಂ.ಎ. ವಿದ್ಯಾರ್ಥಿಗಳನ್ನು ತರಬೇತಿ ಕೊಟ್ಟು, ಗೌರವಧನ ಕೊಟ್ಟು ಬಳಸಿಕೊಂಡರೆ ಶಾಲೆಗಳ ಪಾಠವೂ ನಿಲ್ಲದು, ವಿದ್ಯಾರ್ಥಿಗಳಿಗೂ ಕೆಲಸದ ಅನುಭವ ದೊರೆತೀತು.

ವಿದ್ಯಾರ್ಥಿಗಳ ಮಟ್ಟಿಗೆ ಹೇಳುವುದಾದರೆ, ಎಂ.ಎ. ತನಕ ಓದುವ ದೃಢ ನಿಶ್ಚಯವುಳ್ಳವರು ಮೂರು ವರ್ಷದ ಪದವಿಯಿಂದ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಉತ್ತಮ ಗ್ರಂಥಾಲಯ, ಖಾಯಂ ಅಧ್ಯಾಪಕರು, ಪ್ರಬಂಧಕ್ಕೆ ಮಾರ್ಗದರ್ಶನ ಇರುವ ವಿಭಾಗವನ್ನು ಹುಡುಕಿಕೊಳ್ಳುವುದು ವರ್ಷಗಳ ಎಣಿಕೆಗಿಂತ ಮುಖ್ಯ. ನಾಲ್ಕನೆಯ ವರ್ಷದ ಅವಕಾಶ ಉಳಿದಿರುವ ಕಡೆಯ ತಂಡದವರು, ಪಿಎಚ್.ಡಿ. ಅಥವಾ ವಿದೇಶದ ಗುರಿಯಿದ್ದು ತಮ್ಮ ವಿಭಾಗದಲ್ಲಿ ಮಾರ್ಗದರ್ಶಕರು ನಿಜವಾಗಿ ಇದ್ದಾರೆಂದು ಖಚಿತವಾದರೆ ಅದನ್ನು ಬಳಸಿಕೊಳ್ಳಬಹುದು.

ಪದವಿಯ ವರ್ಷಗಳು ಮೂರಿರಲಿ, ನಾಲ್ಕಿರಲಿ, ಸಮೀಕ್ಷೆಗಳು ನಡೆಯುತ್ತಲೇ ಇರುತ್ತವೆ. ಯಾರಿಗೆ ಎಷ್ಟು ಪಾಲು ಎಂಬುದು ಅವುಗಳ ಅಂಕಿಗಳ ಆಧಾರದ ಮೇಲೆಯೇ ತೀರ್ಮಾನವಾಗುತ್ತದೆ. ಆ ಅಂಕಿಗಳನ್ನು ಕನ್ನಡದಲ್ಲಿ ಕೇಳಿ ಪಡೆದು, ಶಾಸ್ತ್ರದ ಶಿಸ್ತಿನಿಂದ ಓದಿ, ಜನರಿಗೆ ತಿಳಿಸಿ ಹೇಳಬಲ್ಲವರನ್ನು ವಿಶ್ವವಿದ್ಯಾಲಯಗಳು ತಯಾರು ಮಾಡದಿದ್ದರೆ, ಪ್ರತಿ ಹತ್ತು ವರ್ಷಕ್ಕೊಮ್ಮೆ ಹೊಸ ಸಮೀಕ್ಷೆ, ಹೊಸ ವಿವಾದ, ಬದಿಗೆ ಸರಿದ ಹಳೆಯ ವರದಿ ಎಂಬ ಸರಣಿಯೇ ಮುಂದುವರಿದೀತು.